ಗ್ರೀಸ್ ಹಚ್ಚಿಕೊಂಡ ಬುಲ್ಡೋಜರ್

ಬಂದರಿನಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಒಬ್ಬನಿಗೆ, ಅವಳ ಮೈದುನನಿಗೆ. ಬುಲ್ಡೋಜರ್ ಓಡಿಸುವ ಅವನು ಹೊತ್ತುಗೊತ್ತಿಲ್ಲದೆ ಅಂಗಳದ ಆ ತುದಿಯಿಂದ ಕೂಗಿ ಕೂಗಿ, ಸರಪಳಿ ಎಳೆಯುವವರಿಂದ ಹಿಡಿದು ಹಡಗಿನ ನರೆತ ಅಧಿಕಾರಿಯವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ತಾನು ಇಷ್ಟು ದೊಡ್ಡ ಮನೆಗೆ ಸೊಸೆಯಾಗಿ ಬಂದದ್ದನ್ನು ಮದುವೆಯ ದಿನ ಯಾರೂ ಹೇಳಿರಲಿಲ್ಲವಲ್ಲ ಎಂದು ಅವಳು ನಗುತ್ತಿದ್ದಳು.

ಮೈದುನ ಬಾಗಿಲಿನಷ್ಟು ಅಗಲದ ಆಳು. ಕರೆಯುವುದು ಮಾತ್ರ ಮರಿ ಎಂದು. ಅವಳು ಮದುವೆಯಾಗಿ ಬಂದಾಗ ಅವನಿಗೆ ಮುಂದಿನ ಹಲ್ಲು ಬಿದ್ದಿದ್ದವು. ತಲೆ ಬಾಚಿ ಶಾಲೆಗೆ ಕಳಿಸಿದ ಕಾಲದಿಂದ ನೋಡಿದವಳಿಗೆ ಈಗ ಅವನು ಮೀಸೆ ತಿರುವಿದರೂ ಹಲ್ಲಿಲ್ಲದ ಬಾಯೇ ಕಾಣುತ್ತಿತ್ತು.

ಹಡಗಿಗೆ ಏರುವ ಭಾರಿ ಯಂತ್ರಗಳನ್ನು ಸುತ್ತು ಹಾಕಿ ನೋಡುವುದು, ಒಳಗೆ ಬಿಡುವುದು, ಬಿಟ್ಟ ಮೇಲೆ ಸರಪಳಿ ಬಿಗಿಸುವುದು ಅವಳ ಕೆಲಸ. ಅವಳು ಹೂಂ ಅನ್ನದೆ ಯಾವುದೂ ದಡದಿಂದ ಹಡಗಿಗೆ ಹತ್ತುವ ಇಳಿಜಾರು ಹಲಗೆಯ ಮೇಲೆ ಕಾಲಿಡುವಂತಿಲ್ಲ. ಆ ಮಧ್ಯಾಹ್ನ ಸರದಿಯಲ್ಲಿ ಕೊನೆಗೆ ನಿಂತಿದ್ದದ್ದು ಮರಿಯ ಬುಲ್ಡೋಜರ್. ಅದು ಕಡಲಾಚೆಯ ಕೆಲಸಕ್ಕೆ ಹೊರಟಿತ್ತು. ಜೊತೆಗೆ ಅವನೂ ಹೊರಟಿದ್ದ. ಯಂತ್ರ ಹೋದರೆ ಚಾಲಕನಿಗೂ ಅಲ್ಲಿ ಕೆಲಸ ಖಾಯಂ. ಈ ಹಡಗು ತಪ್ಪಿದರೆ ಅಲ್ಲಿನವರು ಬೇರೆ ಯಂತ್ರವನ್ನೂ ಬೇರೆ ಚಾಲಕನನ್ನೂ ಹುಡುಕಿಕೊಳ್ಳುತ್ತಾರೆ. ಕತ್ತಲಾಗುವ ಮುಂಚೆ ಹಲಗೆ ಎತ್ತುವುದೆಂದು ಅಧಿಕಾರಿ ಆಗಲೇ ಹೇಳಿದ್ದರು.

ಬುಲ್ಡೋಜರ್ ಮಿರಮಿರ ಮಿನುಗುತ್ತಿತ್ತು. ಗಾಜು ಒರೆಸಿದ್ದ, ಹಳದಿ ಬಣ್ಣ ತೊಳೆದಿದ್ದ.

"ಮಗಳನ್ನ ಗಂಡನ ಮನೆಗೆ ಕಳಿಸ್ತಿದೀಯೇನೋ?" ಎಂದಳು.

"ಮತ್ತೇನು ಅತ್ತಿಗೆ, ಹೋದಲ್ಲಿ ನಮ್ಮ ಮರ್ಯಾದೆ ಉಳೀಬೇಡ್ವಾ?"

ಅವಳು ಎಂದಿನಂತೆ ಬಗ್ಗಿ, ಗಾಲಿಗಳ ಬದಲಿಗೆ ಸುತ್ತುವ ಚೈನಿನ ಕಬ್ಬಿಣದ ಪಟ್ಟಿಗಳ ಮೇಲೆ ಬೆರಳು ಆಡಿಸಿದಳು. ಬೆರಳು ಸರ್ರನೆ ಜಾರಿತು. ನೋಡಿದರೆ ಕರಿ ಗ್ರೀಸ್. ಒಂದು ಪಟ್ಟಿಗಲ್ಲ, ಎರಡೂ ಕಡೆ, ಉದ್ದಕ್ಕೂ, ದೋಸೆ ಹೆಂಚಿಗೆ ಹಚ್ಚಿದ ಹಾಗೆ ಸಮನಾಗಿ.

"ಇದೇನಪ್ಪ ಇದು?"

"ಕಡಲಿನ ಉಪ್ಪು ಗಾಳಿ ಅಲ್ವಾ ಅತ್ತಿಗೆ. ತುಕ್ಕು ಹಿಡಿಯುತ್ತೆ ಅಂತ ಬೆಳಗ್ಗೆಯಿಂದ ಕೂತು ಹಚ್ಚಿದೆ. ಒಂದಿಂಚೂ ಬಿಟ್ಟಿಲ್ಲ." ಹೊಗಳಿಕೆಗೆ ಕಾದು ನಿಂತ.

ಸರಪಳಿ ಎಳೆಯುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಕುಳ್ಳ ಎಂಬವನಿಗೆ ನಗು ತಡೆಯಲಾಗಲಿಲ್ಲ. "ಲೋ ಮರಿ, ಹಲಗೆ ಕಬ್ಬಿಣ, ಒಳಗಿನ ನೆಲ ಕಬ್ಬಿಣ, ನಿನ್ನ ಮಗಳ ಪಾದ ಬೆಣ್ಣೆ. ಅತ್ತ ಹತ್ತಿ ಇತ್ತ ಜಾರಿ ನೇರ ನಮ್ಮ ತೊಡೆ ಮೇಲೆ ಕೂರ್ತಾಳೆ."

ಮರಿಯ ಮುಖ ನಿಧಾನವಾಗಿ ಬಾಡಿತು. ನೆಲಕ್ಕೆ ಕಚ್ಚಿ ನಿಲ್ಲಬೇಕಾದ ಜಾಗಕ್ಕೇ ಎಣ್ಣೆ ಹಾಕಿದ್ದೇನೆಂದು ಆಗ ಹೊಳೆದಿತ್ತು. ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಮೆಲ್ಲಗೆ ಹತ್ತಿಸ್ತೀನಿ ಅತ್ತಿಗೆ. ಒಳಗೆ ಹೇಗೂ ಮರದ ಹಲಗೆ ಹಾಸ್ತೀರಿ, ಸರಪಳಿ ಇರುತ್ತೆ. ನೀವೊಂದು ಹೂಂ ಅಂದ್ಬಿಡಿ."

ಆ ಒಂದು ಹೂಂ ಅವಳ ನಾಲಿಗೆಯ ತುದಿಯವರೆಗೆ ಬಂದದ್ದು ನಿಜ. ಈ ಕೆಲಸಕ್ಕಾಗಿ ಅವನು ಎಷ್ಟು ದಿನ ಅಲೆದಿದ್ದ ಎಂದು ಅವಳಿಗಿಂತ ಬಲ್ಲವರಿಲ್ಲ. ಮನೆಯಲ್ಲಿ ಅತ್ತೆ ಆಗಲೇ ಅಕ್ಕಪಕ್ಕದವರಿಗೆಲ್ಲ ಹೇಳಿ ಆಗಿತ್ತು. ಆದರೆ ಹಲಗೆಯ ಬದಿಯಲ್ಲಿ ಕುಳ್ಳ ನಿಂತಿದ್ದ, ಯಂತ್ರದೊಳಗೆ ಕೂರುವವನು ಮರಿ.

"ಹಲ್ಲು ಬಿದ್ದಾಗ ಐಸ್‌ಕ್ರೀಮ್ ಬೇಕು ಅಂತ ಹೀಗೇ ಕೇಳ್ತಿದ್ದೆ. ಆಗ ಕೊಟ್ಟೆ, ಜ್ವರ ಬಂತು. ಇದಕ್ಕೆ ಊಹೂಂ."

"ಹಾಗಾದ್ರೆ ಹೋಯ್ತು," ಎಂದು ಅವನು ಪಟ್ಟಿಯ ಪಕ್ಕದಲ್ಲೇ ಕುಸಿದು ಕೂತ.

"ಕೂತ್ರೆ ಹೋಗುತ್ತೆ. ಏಳು. ಯಾರೂ ಅವನಿಗೆ ನೀರಿನ ಪೈಪ್ ಕೊಡಬೇಡಿ. ಜಿಡ್ಡು ಪಾತ್ರೆಗೆ ಮೊದಲೇ ನೀರು ಸುರಿದ್ರೆ ಇನ್ನಷ್ಟು ಹರಡುತ್ತೆ. ಈ ಮನೆ ಗಂಡಸರು ಒಂದು ಪಾತ್ರೆ ತೊಳೆದಿದ್ರೆ ತಾನೇ ಗೊತ್ತಾಗೋದು."

ಬಡಗಿಯ ಷೆಡ್ಡಿನಿಂದ ಮರದ ಹೊಟ್ಟಿನ ಮೂಟೆಗಳು ಬಂದವು. ಅಂಗಳದ ಮೂಲೆಯಲ್ಲಿ, ಬೇಡದ ಟಾರ್ಪಾಲಿನ ಮೇಲೆ ಅದನ್ನು ದಪ್ಪಗೆ ಹರಡಿದರು. ಮರಿ ಯಂತ್ರವನ್ನು ಅದರ ಮೇಲೆ ಆಮೆಯಂತೆ ಹಿಂದೆ ಮುಂದೆ ಆಡಿಸಿದ. ಹೊಟ್ಟು ಜಿಡ್ಡು ಕುಡಿದು ಕಪ್ಪಾಯಿತು. ಎಂಜಿನ್ ಆರಿಸಿ, ಮೇಲೆ ಬಂದ ಪಟ್ಟಿಗಳನ್ನು ಚಪ್ಪಟೆ ಕಬ್ಬಿಣದಿಂದ ಕೆರೆದರು. ಮತ್ತೆ ಸ್ವಲ್ಪ ಮುಂದೆ, ಮತ್ತೆ ಕೆರೆತ. ಕೊನೆಗೆ ಬಿಸಿನೀರು, ಸೋಪು, ಬ್ರಷ್. ಮೊದಲು ಗೊಣಗುತ್ತಿದ್ದವರು ಕುಳ್ಳನ ಮಾತಿಗೆ ನಗುತ್ತ ಕೈ ಹಚ್ಚಿದರು.

"ಮರಿ, ಮದುವೆಯಾದ್ಮೇಲೆ ಹೆಂಡ್ತಿ ಬಾಣಲೆ ಕೊಟ್ರೆ ಇದೇ ಪಾಠ."

"ಕೈ ಆಡಿಸ್ತಾ ಮಾತಾಡಣ್ಣ," ಎಂದ ಮರಿ, ಮೊಣಕೈವರೆಗೆ ನೊರೆ.

ಅಧಿಕಾರಿ ಗಡಿಯಾರ ನೋಡುತ್ತ ಬಂದರು. "ಅತ್ತಿಗೆ, ಆಯ್ತಾ?"

ಅವಳು ಬಗ್ಗಿ ಬೆರಳು ಆಡಿಸಿದಳು. ಈ ಸಲ ಬೆರಳು ತಡೆಯಿತು. ಆದರೂ ಇನ್ನೆರಡು ಕಡೆ ಮುಟ್ಟಿ ನೋಡಿ, ಆಮೇಲೆ ಹೂಂ ಎಂದಳು.

ಹಲಗೆಯ ಮೇಲೆ ರಬ್ಬರ್ ಚಾಪೆ ಹಾಸಿಸಿ, ಬದಿಯಲ್ಲಿ ಒಬ್ಬರೂ ನಿಲ್ಲದಂತೆ ಮಾಡಿ, ತಾನು ಮೇಲಿನ ತುದಿಯ ಓರೆಯಲ್ಲಿ, ಮರಿಗೆ ಕಾಣುವಂತೆ ನಿಂತು ಕೈಸನ್ನೆ ಮಾಡಿದಳು. ಯಂತ್ರ ಗುಡುಗುತ್ತ ಹತ್ತಿತು, ಎಲ್ಲೂ ಹಿಂಜರಿಯಲಿಲ್ಲ. ಒಳಗೆ ಮರದ ಹಲಗೆಗಳ ಮೇಲೆ ನಿಲ್ಲಿಸಿ, ಮುಂದಿನ ದೊಡ್ಡ ಬ್ಲೇಡನ್ನು ಕೆಳಗಿಳಿಸಿ ಊರಿಸಿ, ಬ್ರೇಕ್ ಹಾಕಿ, ಎಂಜಿನ್ ಆರಿಸಿದ. ಯಂತ್ರದಲ್ಲಿ ಕಟ್ಟಲೆಂದೇ ಇರುವ ಕೊಂಡಿಗಳಿಂದ ನೆಲದ ಕಬ್ಬಿಣದ ಬಳೆಗಳಿಗೆ ನಾಲ್ಕು ಮೂಲೆಗೂ ಸರಪಳಿ ಓಡಿತು. ಮೂಲೆಯಿಂದ ಎದುರು ಮೂಲೆಗೆ ಹೋಗುತ್ತ ಅವಳು ಒಂದೊಂದನ್ನೂ ಬಿಗಿಸಿದಳು, ಜಡೆ ಹೆಣೆಯುವವಳ ಹಾಗೆ, ಎಲ್ಲೂ ಸಡಿಲ ಬಿಡದೆ, ಎಲ್ಲೂ ಹೆಚ್ಚು ಎಳೆಯದೆ.

"ನನ್ನನ್ನೂ ಒಂದು ಸರಪಳಿಲಿ ಕಟ್ಟಿಬಿಡಿ ಅತ್ತಿಗೆ," ಎಂದ ಮರಿ. ನಗುತ್ತಿದ್ದನಾದರೂ ಮುಖ ಹೊಸ ಶಾಲೆಯ ಬಾಗಿಲಲ್ಲಿ ನಿಂತವನಂತಿತ್ತು.

"ನಿನ್ನ ಕಟ್ಟೋಕೆ ಸರಪಳಿ ಸಾಲಲ್ಲ. ಹಡಗು ಹೊರಟು ಅಲೆಗೆ ಒಗ್ಗಿದ ಮೇಲೆ ಅಧಿಕಾರಿ ಜೊತೆ ಇಳಿದು ಬಿಗಿ ನೋಡು. ಸರಪಳಿ ಸಡಿಲ ಆಗುತ್ತೆ. ನಿನ್ನ ಹಾಗೆ, ಮೊದಲು ಗಟ್ಟಿ, ಆಮೇಲೆ ಅಳು." ಅವನ ಕಾಲರಿಗೆ ಅಂಟಿದ್ದ ಮರದ ಹೊಟ್ಟನ್ನು ಕೊಡವಿ, ಹಿಂದಿರುಗಿ ನೋಡದೆ ಇಳಿದಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಗಟ್ಟಿ ಕಟ್ಟಿದ್ಯೇನೇ?"

"ಕಟ್ಟಿದೆ ಅತ್ತೆ."

"ಯಂತ್ರ ಅಲ್ಲ ಕಣೇ, ನಾನು ಕೇಳಿದ್ದು ಅವನ ವಿಷಯ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಫೋನು ಕಿಣಿಗುಟ್ಟಿತು. ದಡದ ಸಿಗ್ನಲ್ ತಪ್ಪುವ ಮುಂಚೆ ಮರಿ ಬರೆದಿದ್ದ: "ಅತ್ತಿಗೆ, ಬಿಗಿ ನೋಡಿ ಬಂದೆ. ಒಂದು ಸರಪಳಿ ಸಡಿಲಾಗಿತ್ತು, ಸರಿ ಮಾಡಿದ್ವಿ. ಮಗಳು ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಅಪ್ಪನಿಗೆ ಮಾತ್ರ ಮೂರು ಸಲ ವಾಂತಿ."

ಅವಳು ಒದ್ದೆ ಕೈಯಲ್ಲೇ ಅದನ್ನು ಅತ್ತೆಗೆ ಓದಿ ಹೇಳಿದಳು. ಆಮೇಲೆ ಸೆರಗಿಗೆ ಬೆರಳು ಒರೆಸಿಕೊಂಡು, "ನಿಂಬೆಹಣ್ಣು ನಿನ್ನ ಚೀಲದ ಎಡಜೇಬಲ್ಲಿದೆ, ಬೆಳಗ್ಗೆಯೇ ಇಟ್ಟಿದ್ದೆ" ಎಂದು ಬರೆಯತೊಡಗಿದಳು.