ಕಿಟಕಿ ಪಕ್ಕದ ಮೇಜು

"ಎಷ್ಟು ತೆಳ್ಳಗೆ ಕೊಯ್ದಿದೀಯೇ, ಬೆಳಕು ಕಾಣ್ತದೆ!" ಗ್ವೆನೈರಾ ಬೆಣ್ಣೆ ಸವರಿದ ಬ್ರೆಡ್ಡಿನ ಹೋಳೊಂದನ್ನು ಕಿಟಕಿಗೆ ಹಿಡಿದು ನೋಡಿದಳು. "ನಿನ್ನ ಕೈಗೆ ಮಾತ್ರ ವಯಸ್ಸಾಗಿಲ್ಲ ಕಣೆ."

ಎಲಿನೆಡ್ ನಕ್ಕಳು. ಅವಳ ಬಲಗೈ ಏಪ್ರನ್ನಿನ ಜೇಬಿನಲ್ಲಿತ್ತು.

ಜುಲೈ ಇಪ್ಪತ್ತೆಂಟು, ಭೂಮಿಯ ಈ ದಕ್ಷಿಣ ತುದಿಯಲ್ಲಿ ನಡುಚಳಿಗಾಲ. ವೇಲ್ಸ್‌ನಿಂದ ಬಂದ ಹಿರಿಯರು ಪ್ಯಾಟಗೋನಿಯಾದ ದಡದಲ್ಲಿ ಹಡಗಿಳಿದ ದಿನ. ಆ ದಿನ ಚುಬುತ್ ಕಣಿವೆಯ ಪ್ರಾರ್ಥನಾಮಂದಿರಗಳಲ್ಲಿ ಬಂದವರಿಗೆಲ್ಲ ಚಹಾ. ಇಲ್ಲಿನ ಹಿಂಭಾಗದ ಕೋಣೆಯಲ್ಲಿ ಒಂದು ಕಾಲಕ್ಕೆ ಹನ್ನೊಂದು ಮೇಜುಗಳಿದ್ದವು, ಒಂದೊಂದು ಮನೆತನಕ್ಕೆ ಒಂದೊಂದು. ಅವರದೇ ಹಾಸುಬಟ್ಟೆ, ಅವರದೇ ಪಿಂಗಾಣಿ ಚಹಾಪಾತ್ರೆ. ಬ್ರೆಡ್ ಕೊಯ್ಯುವುದೂ ಚಹಾ ಬಗ್ಗಿಸುವುದೂ ಆ ಮನೆಯ ಕೈಯೇ ಆಗಬೇಕು. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಈಗ ಉಳಿದಿದ್ದು ಐದು. ಎರಡು ವರ್ಷದ ಹಿಂದೆ ಇನ್ನೊಂದು ಮೇಜಿನ ದಿಲಿಸ್‌ಳ ಕೈ ಜಾರಿ ಪಾತ್ರೆ ಒಡೆದಿತ್ತು. ಮರುವರ್ಷ ಅವಳ ಮೇಜು ಉಗ್ರಾಣ ಸೇರಿತು. ಸೇರಿಸಿದವಳು ಸಮಿತಿಯ ಅಧ್ಯಕ್ಷೆ ಗ್ವೆನೈರಾ. ಅವಳೂ ಎಲಿನೆಡ್‌ಳೂ ಶಾಲೆಯಲ್ಲಿ ಒಂದೇ ಬೆಂಚಿನವರು. ಆದರೂ ಎಲಿನೆಡ್‌ಗೆ ತನ್ನ ಕೈಯ ವಿಷಯ ಹೇಳುವ ಧೈರ್ಯವಿರಲಿಲ್ಲ.

ಇಲ್ಲಿ ಬೇಸಗೆ ಮುಗಿಯುವ ಫೆಬ್ರವರಿಯಿಂದ ಅವಳ ಬಲಗೈ ನಡುಗುತ್ತಿತ್ತು. ಬೆಳಿಗ್ಗೆ ಅವಳ ಅಡುಗೆಮನೆಯಲ್ಲಿ ಬ್ರೆಡ್ ಕೊಯ್ದವಳು ಹುಸ್ತಾ. ಬೊಲಿವಿಯಾದಿಂದ ಬಂದವಳು, ಆರು ವರ್ಷಗಳಿಂದ ಎಲಿನೆಡ್‌ಳ ಅಪ್ಪನ ಹೊಲದಲ್ಲಿ ಕ್ಯಾರೆಟ್, ಈರುಳ್ಳಿ ಬೆಳೆಯುತ್ತಿದ್ದಳು.

"ಮೊದಲು ಬೆಣ್ಣೆ ಸವರು, ಆಮೇಲೆ ಚಾಕು. ಬ್ರೆಡ್ಡನ್ನ ಎದೆಗೆ ಒತ್ತಿ ಹಿಡಿದು ನಿನ್ನ ಕಡೆ ಎಳ್ಕೋ," ಎಂದಿದ್ದಳು ಎಲಿನೆಡ್, ಅಜ್ಜಿ ಕಲಿಸಿದಂತೆ.

"ನಿಮ್ಮ ಅಜ್ಜಿ ಎದೆ ಕೊಯ್ಕೊಳ್ಳದೆ ಹೇಗೆ ಬದುಕಿದ್ರಮ್ಮಾ?" ಹುಸ್ತಾ ನಕ್ಕಿದ್ದಳು. ಮೂರು ಹೋಳು ಪುಡಿಯಾಗಿ, ನಾಲ್ಕನೆಯದು ಇಡಿಯಾಗಿ ಬಂದಿತ್ತು.

ಕೊಯ್ಯುವುದನ್ನು ಮನೆಯಲ್ಲಿ ಮುಚ್ಚಿಡಬಹುದಿತ್ತು. ಬಗ್ಗಿಸುವುದು ಎಲ್ಲರೆದುರು.

"ಇವತ್ತು ಹುಸ್ತಾ ಬಗ್ಗಿಸ್ತಾಳೆ. ನಾನು ಬಂದವರ ಹತ್ರ ಮಾತಾಡ್ಕೊಂಡು ಇರ್ತೀನಿ," ಎಂದಳು ಎಲಿನೆಡ್, ಪಕ್ಕದಲ್ಲಿ ನಿಂತಿದ್ದ ಹುಸ್ತಾಳನ್ನು ಗ್ವೆನೈರಾಳಿಗೆ ತೋರಿಸಿ, ಆದಷ್ಟು ಹಗುರವಾಗಿ.

"ಇವಳಾ? ಒಲೆಗೆ ಕಟ್ಟಿಗೆ ಹೊರೋಕೆ ಬಂದಿದ್ದಲ್ವಾ?"

"ಐದು ಮೇಜಿಗೆ ಐದು ಜೊತೆ ಕೈ ಇಲ್ಲ, ನೀನು ಜಾತಕ ಕೇಳ್ತೀಯಲ್ಲ."

ಗ್ವೆನೈರಾ ಗೊಣಗುತ್ತ ಕಪಾಟಿನಿಂದ ಒಣಹಣ್ಣಿನ ಕಪ್ಪು ಕೇಕು ತೆಗೆಯಲು ಹೋದಳು. ಹುಸ್ತಾ ಕೈ ತೊಳೆದು ನೀಲಿ ಹೂವಿನ ಚಹಾಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಬಟ್ಟಲುಗಳತ್ತ ಒಯ್ಯಲಿಲ್ಲ. ಬಾಗಿ, ಮೇಜಿನ ಕಾಲಿನ ಹತ್ತಿರ ನೆಲಕ್ಕೆ ಮೂರು ಹನಿ ಬಿಟ್ಟಳು.

ಎಲಿನೆಡ್‌ಗೆ ಗೊತ್ತಾಯಿತು. ಬಿತ್ತನೆಯ ದಿನ ಹುಸ್ತಾ ಲೋಟದ ಮೊದಲ ಗುಟುಕನ್ನು ಮಣ್ಣಿಗೆ ಎರೆಯುವುದನ್ನು ಅವಳು ಬೇಲಿಯಾಚೆಯಿಂದ ನೋಡಿದ್ದಳು. ಕೇಳಿದ್ದಕ್ಕೆ, "ತಾಯಿಗೆ ಮೊದಲು, ಆಮೇಲೆ ನಮಗೆ" ಎಂದಿದ್ದಳು.

"ಯಾರು ಚೆಲ್ಲಿದ್ದು?" ಗ್ವೆನೈರಾ ಕೇಕು ಹಿಡಿದು ನಿಂತಿದ್ದಳು. ಉಳಿದ ಮೇಜಿನವರು ಇತ್ತ ತಿರುಗಿದರು. "ನಿನ್ನೆಯೆಲ್ಲ ಮಂಡಿಯೂರಿ ಮೇಣ ತಿಕ್ಕಿದೀನಿ ಈ ನೆಲಕ್ಕೆ! ಗೊತ್ತಿಲ್ದೋರ ಕೈಗೆ ಕೊಟ್ರೆ ಹೀಗೇ. ನೀನು ಹೊರಗೆ ಕಟ್ಟಿಗೆ ನೋಡ್ಕೋ ಹೋಗಮ್ಮ."

ಹುಸ್ತಾ ತಲೆ ತಗ್ಗಿಸಿ ಏಪ್ರನ್ನಿನ ಗಂಟಿಗೆ ಕೈ ಹಾಕಿದಳು. ಅವಳು ಎದುರಾಡುವವಳಲ್ಲ. ಗುಟ್ಟು ಉಳಿಯಲು ಎಲಿನೆಡ್ ಸುಮ್ಮನಿದ್ದಿದ್ದರೆ ಸಾಕಿತ್ತು.

"ನಾನು ಕಣೆ ಚೆಲ್ಲಿದ್ದು."

ಜೇಬಿನಿಂದ ಕೈ ತೆಗೆದು ಬಿಳಿ ಹಾಸಿನ ಮೇಲಿಟ್ಟಳು. ಪಕ್ಕದ ಚಮಚ ತಟ್ಟೆಗೆ ತಾಗಿ ಕಿಣಿಕಿಣಿ ಎನ್ನತೊಡಗಿತು.

"ಬ್ರೆಡ್ ಕೊಯ್ದವಳೂ ಅವಳೇ."

ಗ್ವೆನೈರಾ ಆ ಕೈಯನ್ನೇ ನೋಡಿದಳು. ಬಾಗಿಲಾಚೆ ಬಸ್ಸಿನಿಂದಿಳಿದವರು ಚಳಿಗೆ ಕಾಲು ಬಡಿಯುತ್ತಿದ್ದರು.

"ಎಷ್ಟು ದಿನದಿಂದ?"

"ಫೆಬ್ರವರಿಯಿಂದ."

"ನಂಗೆ ಹೇಳೋಕೇನಾಗಿತ್ತು ನಿಂಗೆ?"

"ದಿಲಿಸ್ ಮೇಜು ಈಗ ಎಲ್ಲಿದೆ ಗ್ವೆನ್?"

ಗ್ವೆನೈರಾಳ ಕಣ್ಣು ಉಗ್ರಾಣದತ್ತ ಹೊರಳಿತು. ಕೇಕನ್ನು ಮೇಜಿನ ಮೇಲಿಟ್ಟಳು. ತಟ್ಟೆಯಿಂದ ಬ್ರೆಡ್ಡಿನ ಒಂದು ಹೋಳು ತೆಗೆದು, ಮಡಚಿ, ನಿಧಾನವಾಗಿ ತಿಂದಳು. ಆಮೇಲೆ ಹುಸ್ತಾಳ ಕಡೆ ತಿರುಗಿದಳು.

"ಏಪ್ರನ್ ಯಾಕೆ ಬಿಚ್ತಿದೀಯ? ಹಾಲು ಮೊದಲು ಹಾಕ್ಬೇಕು, ಆಮೇಲೆ ಚಹಾ. ತಿಳೀತಾ?" ಎಂದು ಬಾಗಿಲು ತೆಗೆಯಲು ಹೋದಳು.

ಎಲಿನೆಡ್ ಒರೆಸುವ ಬಟ್ಟೆ ಹಿಡಿದು ಮೆಲ್ಲಗೆ ಬಾಗಿದಳು. ಎರಡು ಹನಿ ಆಗಲೇ ಹಲಗೆಗಳ ಸಂದಿಗೆ ಇಳಿದಿದ್ದವು. ಮೂರನೆಯದು ಅಂಚಿನಲ್ಲಿ ಹೊಳೆಯುತ್ತಿತ್ತು. ಅದೂ ಇಳಿಯುವ ತನಕ ಕಾದು, ಒಣಬಟ್ಟೆಯನ್ನು ಹಾಗೆಯೇ ಮಡಚಿ ಜೇಬಿಗೆ ಹಾಕಿಕೊಂಡಳು.