ಬಾಣಲೆಯ ಮುಂದಿನ ಮಣೆ

ನನ್ನ ತಮ್ಮ ಕೋನಪ್ಪನ ಬಾಯಿ ವಿಚಿತ್ರವಾದದ್ದು. ಮನಸ್ಸಿನಲ್ಲಿರುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅದು ಆಡುತ್ತದೆ. ಕೈ ಮಾತ್ರ ಚಿನ್ನ. ಶಿಡ್ಲಘಟ್ಟದಲ್ಲಿ ಅವನಷ್ಟು ನಯವಾಗಿ ರೇಷ್ಮೆ ನೂಲು ಬಿಚ್ಚುವವರಿಲ್ಲ ಎಂದು ಪಕ್ಕದ ಮನೆಯ ತಾಜ್ ಪಾಷಾ ಹೇಳುತ್ತಿದ್ದ. ಅವನೂ ಅದೇ ಕಸುಬಿನವನು, ಯಾರನ್ನೂ ಸುಮ್ಮನೆ ಹೊಗಳುವವನಲ್ಲ.

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರಿಗೆ ಕೆಲಸ. ಒಬ್ಬ ಬಿಸಿನೀರಿನ ಬಾಣಲೆಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಾನೆ. ಬೆಂದ ಗೂಡುಗಳಿಂದ ಎಳೆ ಹುಡುಕಿ, ಏಳೆಂಟು ಎಳೆ ಸೇರಿಸಿ, ಕಡಿಯದಂತೆ ಕೊಡುತ್ತಾ ಹೋಗುತ್ತಾನೆ. ಇನ್ನೊಬ್ಬ ಚರಕದ ಹಿಡಿ ತಿರುಗಿಸುತ್ತಾನೆ. ಮಣೆಯವನು ನಿಲ್ಲಿಸು ಎಂದರೆ ನಿಲ್ಲಿಸುತ್ತಾನೆ, ತಿರುಗಿಸು ಎಂದರೆ ತಿರುಗಿಸುತ್ತಾನೆ. ಹತ್ತನೇ ಕ್ಲಾಸಿನಲ್ಲಿ ಫೇಲಾದ ದಿನದಿಂದ ಆರು ವರ್ಷ ಆ ಹಿಡಿ ಹಿಡಿದು ನಿಂತಿದ್ದವನು ಕೋನಪ್ಪನ ಮಗ ಬಯ್ಯಪ್ಪ. ತಾಯಿಯಿಲ್ಲದ ಹುಡುಗ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದ ನಾನೇ ಅವನನ್ನು ಸಾಕಿದೆ.

ಮಣೆಯ ಮೇಲೆ ಒಂದು ದಿನ ಕೂರುತ್ತೇನೆ ಎಂದು ಅವನು ಎಷ್ಟು ಸಲ ಕೇಳಿದನೋ ಲೆಕ್ಕವಿಲ್ಲ. ಕೋನಪ್ಪನದು ಒಂದೇ ಉತ್ತರ, "ನೀಕೆಂದುಕುರಾ? ಸುಮ್ನೆ ತಿರುಗ್ಸು." ಅದೆಲ್ಲ ನಿನಗ್ಯಾಕೆ ಎನ್ನುವುದನ್ನು ತೆಲುಗಿನಲ್ಲಿ ಕೇಳಿಸಿಕೊಂಡರೆ ಇನ್ನೂ ಚುಚ್ಚುತ್ತದೆ.

೧೯೮೬ರ ಸಂಕ್ರಾಂತಿ ಕಳೆದ ವಾರ ಕೋನಪ್ಪ ಜ್ವರ ಬಂದು ಮಲಗಿದ. ಮಾರುಕಟ್ಟೆಯಿಂದ ತಂದ ಗೂಡು ಹಾಗೇ ಇಡುವಂತಿಲ್ಲ, ಚಿಟ್ಟೆ ತೂತು ಕೊರೆದು ಹೊರಬಂದರೆ ನೂಲೇ ಬರುವುದಿಲ್ಲ. ಈ ಸಲವಾದರೂ ಅಪ್ಪ ತನ್ನನ್ನು ಕರೆಯುತ್ತಾನೆ ಎಂದು ಬಯ್ಯಪ್ಪ ಕೈಕಾಲು ತೊಳೆದುಕೊಂಡು ನಿಂತಿದ್ದ. ಕೋನಪ್ಪ ಹಾಸಿಗೆಯಿಂದಲೇ ತಾಜ್ ಪಾಷಾನ ಹೆಂಡತಿ ಮೆಹಬೂಬ್ ಬೀಗೆ ಹೇಳಿಕಳಿಸಿದ. ನಾಲ್ಕು ದಿನ ಅವಳು ಮಣೆಯಲ್ಲಿ ಕೂತಳು, ಇವನು ತಿರುಗಿಸಿದ. ಹುಡುಗನ ಮುಖ ನೋಡಲಾಗುತ್ತಿಲ್ಲ ಎಂದು ಆ ಹೆಣ್ಣುಮಗಳೇ ನನ್ನ ಹತ್ತಿರ ಸಂಕಟಪಟ್ಟಳು. ನಾನೋ, ಎರಡು ದಿನ ಮುನಿಸಿಕೊಂಡು ಸರಿಹೋಗುತ್ತಾನೆ ಅಂದುಕೊಂಡೆ.

ತಿಂಗಳಿಗೊಮ್ಮೆ ರೇಷ್ಮೆ ಲಡಿಗಳನ್ನು ಕಂಚಿಯ ನೇಕಾರರಿಗೆ ಮುಟ್ಟಿಸುವುದು ಬಯ್ಯಪ್ಪನ ಕೆಲಸ. ಆ ಜ್ವರದ ವಾರದ ನಂತರ ಅಲ್ಲಿಂದ ಬರುವಾಗ ಒಂದು ದಿನ ಹೆಚ್ಚಾಗತೊಡಗಿತು. ಕೂದಲು ಗಿಡ್ಡವಾಯಿತು. ಕಾಲಿಗೆ ಕ್ಯಾನ್ವಾಸ್ ಬೂಟು ಬಂತು. ಬೆಳಗಾದರೆ ಕೆರೆ ಏರಿಯ ಮೇಲೆ ಓಡುವುದು. ಪೊಲೀಸ್ ಕೆಲಸಕ್ಕೆ ಸೇರುತ್ತಾನೇನೋ ಎಂದು ನಾನು ದೇವರಿಗೆ ಹರಕೆ ಬೇರೆ ಹೊತ್ತೆ.

ಯುಗಾದಿಯ ಹಿಂದಿನ ಶುಕ್ರವಾರ ಒಗೆಯುವ ಬಟ್ಟೆ ಹುಡುಕುತ್ತಾ ಅವನ ಚೀಲ ತೆಗೆದೆ. ಎರಡು ಜೊತೆ ಬಟ್ಟೆ, ಮಾತ್ರೆ, ಒಂದು ಫೋಟೋ. ಅದರಲ್ಲಿ ಇವನದೇ ವಯಸ್ಸಿನ ಐದು ಜನ ಬಂದೂಕು ಹಿಡಿದು ನಗುತ್ತಿದ್ದರು.

ಹಿಡಿದು ಕೂರಿಸಿ ಕೇಳಿದೆ. ಮುಚ್ಚಿಡಲಿಲ್ಲ. ಭಾನುವಾರ ಬೆಳಗ್ಗೆ ಎಂಟರ ಚಿಂತಾಮಣಿ ಬಸ್ಸು, ಅಲ್ಲಿಂದ ಕಂಚಿ, ಆಮೇಲೆ ದೋಣಿ. ಸಮುದ್ರದಾಚೆಯ ದ್ವೀಪದಲ್ಲಿ ನಡೆಯುತ್ತಿದ್ದ ಯುದ್ಧಕ್ಕೆ ಜನ ಸೇರಿಸುವವರು ಕಂಚಿಯಲ್ಲಿ ಇವನಿಗೆ ಗಂಟುಬಿದ್ದಿದ್ದರು. ಅದು ಯಾರ ಜಗಳ, ಯಾರ ಮೇಲೆ, ನಿನಗೆ ಕಾಫಿ ಕೇಳುವಷ್ಟಾದರೂ ತಮಿಳು ಬರುತ್ತದಾ ಎಂದು ಬೈದೆ. ಅವರು ಬಸ್ಸಿಗೆ ಬಾಂಬಿಟ್ಟರೆ ಅದರಲ್ಲಿ ನನ್ನಂಥ ಮುದುಕಿಯೂ ಕೂತಿರುತ್ತಾಳೆ ಎಂದೆ. ಅವನು ತಲೆ ತಗ್ಗಿಸಿ, ಅದೂ ಗೊತ್ತು ಅಂದ. ಗೊತ್ತಿದ್ದೂ ಹೊರಟಿದ್ದೀಯಾ ಎಂದು ಕೇಳಿದೆ. ಆಗ ಅವನು ಹೇಳಿದ.

"ಬಂದೂಕು ಬಿಚ್ಚಿ ನನ್ನ ಮುಂದಿಟ್ರು ಅತ್ತೆ. ಜೋಡ್ಸು ನೋಡಣ ಅಂದ್ರು. ಎರಡು ಸಲ ತಪ್ಪಾಯ್ತು, ಯಾರೂ ಬೈಲಿಲ್ಲ. ಮೂರನೇ ಸಲ ಜೋಡಿಸ್ದೆ. ನಿನ್ನ ಕೈ ನಮಗೆ ಬೇಕು ಅಂದ್ರು. ಈ ಮನೇಲಿ ಯಾರಾದ್ರೂ ಹಂಗಂದಿದ್ದೀರಾ?"

ಆ ದ್ವೀಪ, ಆ ನೆಲ, ಆ ನ್ಯಾಯ ಯಾವುದೂ ಈ ಹುಡುಗನನ್ನು ಎಳೆದಿರಲಿಲ್ಲ. ತಪ್ಪಿದರೂ ಬೈಯದೆ ಮೂರನೇ ಸಲ ಕೊಟ್ಟರಲ್ಲ, ಅದು ಎಳೆದಿತ್ತು. ಮನುಷ್ಯರ ಹಸಿವು ಕಂಡುಹಿಡಿಯುವುದರಲ್ಲಿ ಆ ಜನ ಎಷ್ಟು ಜಾಣರು, ಮನೆಯವರಾದ ನಾವು ಎಷ್ಟು ದಡ್ಡರು ಎಂದು ಅಳು ಬಂತು.

ಮಾರುಕಟ್ಟೆಯಿಂದ ಕೋನಪ್ಪ ಬಂದ ಕೂಡಲೇ ಜಗಲಿಯಲ್ಲೇ ಎಲ್ಲ ಹೇಳಿದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಬಲಗೈಯ ಹೆಬ್ಬೆರಳನ್ನು ನನ್ನ ಮುಂದೆ ಚಾಚಿದ. ಮೂವತ್ತು ವರ್ಷ ಬಿಸಿನೀರಿನಲ್ಲಿ ಬೆಂದ ಬೆರಳು, ಬಿಳಿಚಿಕೊಂಡು ಸೀಳಿತ್ತು. ಬಯ್ಯಪ್ಪ ಓದು ಬಿಟ್ಟ ವರ್ಷ ಸೈಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೋಗಿದ್ದನಂತೆ. ಮೂರು ಸಲ ಒತ್ತಿದರೂ ಮಸಿಯ ಮಚ್ಚೆಯೇ ಹೊರತು ಒಂದು ಗೆರೆಯೂ ಮೂಡಲಿಲ್ಲವಂತೆ. ನಿನಗೆ ಗುರುತೇ ಇಲ್ಲವಲ್ಲಯ್ಯ ಎಂದು ಅಲ್ಲಿದ್ದವರು ನಕ್ಕರಂತೆ. ಮಗನನ್ನು ಮಣೆಗೆ ಕೂರಿಸುವುದಿಲ್ಲ ಎಂದು ಅವನು ಆವತ್ತೇ ತೀರ್ಮಾನಿಸಿದ್ದ. ಯಾರಿಗೂ ಹೇಳಿರಲಿಲ್ಲ, ಮಗನಿಗೂ.

"ಅವನ ಕೈಯಾದ್ರೂ ಕೈ ಥರ ಇರ್ಲಿ ಅಂತ, ಅಕ್ಕ."

"ನೀನು ಕಾಪಾಡಿದ ಕೈಗೆ ಅವರು ಬಂದೂಕು ಕೊಟ್ಟಿದ್ದಾರೆ ಕಣೋ," ಅಂದೆ.

ಕೋಣೆಗೆ ಹಾಕಿ ಬೀಗ ಹಾಕೋಣ ಅಂದ. ಭಾನುವಾರ ಬೀಗ ಹಾಕಿದರೆ ಸೋಮವಾರ ಹೋಗುತ್ತಾನೆ ಅಂದೆ. ಹಾಗಾದರೆ ಹೆಬ್ಬೆಟ್ಟಿನ ಕತೆ ನೀನೇ ಹೇಳು ಅಂದ. ನಾನು ಒಪ್ಪಲಿಲ್ಲ. ಕತೆ ಕೇಳಿ ಅಪ್ಪ ಪಾಪ ಎಂದುಕೊಂಡಾನು, ಕಾಲಿಗೂ ಬಿದ್ದಾನು, ಆದರೂ ಹೊರಟೇಬಿಡುತ್ತಾನೆ. ಅವನು ಕಾಯುತ್ತಿರುವುದು ಕತೆಗಲ್ಲ ಎಂದು ಹೇಳಿ ಒಳಗೆ ಹೋದೆ.

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಬಾಣಲೆಯಲ್ಲಿ ನೀರು ಕಾದಿತ್ತು. ಬಯ್ಯಪ್ಪ ಬೂಟು ಹಾಕಿಕೊಂಡು, ಚೀಲವನ್ನು ಹೆಗಲಿಗೇರಿಸಿ, ಒಲೆ ಉರಿಸುತ್ತಿದ್ದ ನನಗೆ ಹೇಳಿ ಹೋಗಲು ಶೆಡ್ಡಿನ ಬಾಗಿಲಿಗೆ ಬಂದ. ಮಣೆ ಖಾಲಿಯಿತ್ತು. ಕೋನಪ್ಪ ಚರಕದ ಹಿಡಿ ಹಿಡಿದು ನಿಂತಿದ್ದ.

"ಬಾರಪ್ಪ, ಕೂತ್ಕೊ. ನಾನು ತಿರುಗಿಸ್ತೀನಿ."

ಹುಡುಗ ನನ್ನನ್ನು ನೋಡಿದ. ನಾನು ಸೌದೆಯ ಕಡೆಗೆ ತಿರುಗಿಕೊಂಡೆ. ಚೀಲ ಇಳಿಸುವ ಸದ್ದು ಕೇಳುವವರೆಗೂ ಒಲೆಗೆ ಸೌದೆ ತುರುಕುತ್ತಲೇ ಇದ್ದೆ.

ಬೂಟು ಹಾಕಿಕೊಂಡೇ ಕೂತ. ನೀರಿಗೆ ಬೆರಳಿಟ್ಟವನು ತಕ್ಷಣ ಹಿಂದಕ್ಕೆಳೆದುಕೊಂಡ. ನೀರು ಅಷ್ಟು ಬಿಸಿಯೆಂದು ಆರು ವರ್ಷ ಎದುರಿಗೆ ನಿಂತಿದ್ದರೂ ಅವನಿಗೆ ಗೊತ್ತಿರಲಿಲ್ಲ. ಮತ್ತೆ ಇಟ್ಟ. ಎಳೆ ಕಡಿಯಿತು. ಕೋನಪ್ಪ ಕಾದ. ಇನ್ನೊಮ್ಮೆ ಕಡಿಯಿತು. ಬೈಗುಳ ಕೋನಪ್ಪನ ತುಟಿಯವರೆಗೆ ಬಂದದ್ದು ನನಗೆ ಕಂಡಿತು, ನುಂಗಿಕೊಂಡ. ಬಯ್ಯಪ್ಪ ತನ್ನ ಕೆಂಪಾದ ಬೆರಳುಗಳನ್ನು ನೋಡಿಕೊಂಡ, ಆಮೇಲೆ ಹಿಡಿಯ ಮೇಲಿದ್ದ ಅಪ್ಪನ ಬೆರಳುಗಳನ್ನು ನೋಡಿದ. ತುಂಬ ಹೊತ್ತು ನೋಡಿದ. ಯಾರೂ ಹೆಬ್ಬೆಟ್ಟಿನ ಕತೆ ಹೇಳಬೇಕಾಗಲಿಲ್ಲ.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮೂವರಿಗೂ ಕೇಳಿಸಿತು. ಬಯ್ಯಪ್ಪನ ಬೆನ್ನು ಸೆಟೆಯಿತು. ಅಷ್ಟರಲ್ಲಿ ಬಾಣಲೆಯಲ್ಲಿ ಒಂದು ಗೂಡಿನ ಎಳೆ ತಪ್ಪಿಸಿಕೊಂಡಿತು.

"ನಿಲ್ಸಪ್ಪ," ಅಂದ.

ಆ ಮನೆಯಲ್ಲಿ ಅದುವರೆಗೆ ಅವನ ಮಾತಿಗೆ ಏನೂ ನಿಂತಿರಲಿಲ್ಲ. ಕೋನಪ್ಪ ಚರಕ ನಿಲ್ಲಿಸಿದ. ಬಯ್ಯಪ್ಪ ಅವಸರವಿಲ್ಲದೆ ಎಳೆ ಹುಡುಕಿ, ಉಳಿದವುಗಳ ಜೊತೆ ಸೇರಿಸಿ, ನೀರು ಬಿದ್ದು ಒದ್ದೆಯಾಗಿದ್ದ ಬೂಟುಗಳನ್ನು ಕಾಲಿನಿಂದಲೇ ಕಳಚಿ ಪಕ್ಕಕ್ಕೆ ತಳ್ಳಿದ.

"ಹ್ಞೂಂ, ಈಗ ತಿರುಗ್ಸು," ಅಂದ.