ದೀಪ ಇಳಿಸುವ ತಿರುವು

"ಬಿಳೇ ಬಲ್ಬ್ ಹಾಕು ತಮ್ಮಾ. ರಸ್ತಾ ಹಾಡೇ ಹಗಲಾಗಿ ಕಾಣಬೇಕು, ಅಂಥಾವು."

ಗಂಡನ ಬಾಯಿಂದ ಈ ಮಾತು ಬಿದ್ದಾಗ ಕಾವೇರಿ ಕಾರಿನಿಂದ ಇನ್ನೂ ಒಂದು ಕಾಲು ಮಾತ್ರ ಕೆಳಗಿಟ್ಟಿದ್ದಳು. ಇನ್ನೊಂದನ್ನು ಇಡುವುದು ಮರೆತು ಹಾಗೆಯೇ ಕುಳಿತಳು.

ಧಾರವಾಡದ ಸಪ್ತಾಪುರದ ಇಳಿಜಾರಿನಲ್ಲಿ ಸೀಲಾಸನದು ಗಾಡಿಗಳ ವೈರಿಂಗ್ ಅಂಗಡಿ. ಅವನೂ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಡೆದು, "ಯಾರರೀ, ನೀವರೀ? ಬಿಳೇ ಬಲ್ಬರೀ?" ಎಂದ. ಮೈಲಾರಲಿಂಗಪ್ಪ ಬಿಳಿ ದೀಪ ಕೇಳುವುದೆಂದರೆ ದಾರೂ ಬಿಡಿಸುವವನೇ ಬಾಟಲಿ ಕೇಳಿದ ಹಾಗೆ. ತನ್ನೂರು ಮುಗದದಿಂದ ಧಾರವಾಡದವರೆಗೆ ಬಾಡಿಗೆ ಕಾರು ಹೊಡೆಯುವ ಈ ಮನುಷ್ಯ, ಚಹಾದಂಗಡಿಯ ಮುಂದೆ ಯಾವ ಗಾಡಿ ನಿಂತಿದ್ದರೂ ಹೋಗಿ, ಕೈ ಮುಗಿದು, ಅದರ ದೀಪದ ಮೇಲರ್ಧಕ್ಕೆ ಕಪ್ಪು ಟೇಪು ಅಂಟಿಸಿ ಬರುತ್ತಿದ್ದ. ಎದುರಿನವರ ಕಣ್ಣಿಗೆ ಹೊಡೆಯಬಾರದೆಂದು. ಕೆಲವರು ಅಂಟಿಸಿಕೊಂಡರು. ಕೆಲವರು ಬೈದರು. ಒಬ್ಬನಂತೂ ಕಪಾಳಕ್ಕೇ ಕೊಟ್ಟ. ಮೈಲಾರಲಿಂಗಪ್ಪ ಅವನ ಗಾಡಿಗೂ ಅಂಟಿಸಿಯೇ ಬಂದಿದ್ದ.

ಅದಕ್ಕೆ ಕಾರಣ ಮುಗದದ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು. ಮಗಳು ದ್ರಾಕ್ಷಾಯಿಣಿ ಧಾರವಾಡದ ಔಷಧಿ ಅಂಗಡಿಯಲ್ಲಿ ಕೆಲಸ ಮುಗಿಸಿ ಸ್ಕೂಟಿಯ ಮೇಲೆ ಮನೆಗೆ ಬರುತ್ತಿದ್ದಳು. ಹೊತ್ತು ಮುಳುಗಿತ್ತಷ್ಟೇ. ಹುಣಸೆಮರದ ತಿರುವಿನಲ್ಲಿ ಎದುರಿಗೆ ಬಂದ ಗಾಡಿಯ ಬಿಳಿ ಬೆಳಕು ಅವಳ ಕಣ್ಣಿಗೆ ರಾಚಿತು. ರಸ್ತೆಯೆಲ್ಲಿ ಮುಗಿಯಿತು, ಮೋರಿಯ ಕಟ್ಟೆಯೆಲ್ಲಿ ಶುರುವಾಯಿತು ಕಾಣಲಿಲ್ಲ. ಗಾಡಿಯವನು ನಿಲ್ಲಿಸಲಿಲ್ಲ. ನಿಲ್ಲಿಸುವುದಕ್ಕೆ ಅವನು ಯಾರಿಗೂ ಗುದ್ದಿರಲಿಲ್ಲವಲ್ಲ! ಬರೀ ಬೆಳಕು ಬಿಟ್ಟಿದ್ದ. ಬೆಳಕಿನಿಂದ ಕೊಂದವನನ್ನು ಯಾವ ಕಲಮಿನಲ್ಲಿ ಹಿಡಿಯುವುದು? ಸವಾರಳ ಅಜಾಗರೂಕತೆ ಎಂದು ಬರೆದು ಮುಗಿಸಿದರು. ಸತ್ತವಳೇ ತಪ್ಪಿತಸ್ಥೆ. ಕಾರು ಕೊಂಡವನ ಕಣ್ಣಿಗೆ ರಸ್ತೆ ನಿಚ್ಚಳ ಕಾಣಬೇಕು. ಎದುರಿಗೆ ಸೈಕಲ್ಲಿನವನೋ, ನಡೆದು ಬರುವವಳೋ ಕುರುಡಾದರೆ ಅದು ಅವರವರ ಹಣೆಬರಹ. ಈ ನ್ಯಾಯವನ್ನು ನಮ್ಮ ರಸ್ತೆಗಳು ಯಾವ ಸಭೆಯನ್ನೂ ಕೇಳದೆ ಪಾಸು ಮಾಡಿಕೊಂಡುಬಿಟ್ಟಿವೆ.

ಅಂಥ ಮನುಷ್ಯ ಇವತ್ತು ಬಿಳಿ ಬಲ್ಬು ಕೇಳುತ್ತಿದ್ದ.

"ಅವು ನಿಮ್ಮ ಗಾಡೀಗೆ ಅಲ್ರಿ ಕಾಕಾ," ಸೀಲಾಸ ದೀಪದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೇಳಿದ. "ಒಳಗಿನ ಈ ಬಟ್ಟಲಾ ತಂತಿ ಬಲ್ಬಿಗಂತ ಮಾಡಿದ್ದು. ಇದರಾಗ ಆ ಎಲ್‌ಇಡಿ ಕೂಡಿಸಿದ್ರ ಬೆಳಕು ರಸ್ತಾಕ್ಕ ಬೀಳೂದಿಲ್ಲ, ಚೆಲ್ಲಾಪಿಲ್ಲಿ ಆಗಿ ಮಂದಿ ಕಣ್ಣಾಗ ಬೀಳ್ತೈತಿ. ಪೊಲೀಸರು ಹಿಡದ್ರ ದಂಡ. ನಾಳೆ ಏನರೆ ಆತಂದ್ರ ವಿಮಾದವ್ರು ಕೈ ತೊಳ್ಕೋತಾರ. ನಿಮಗ ನಾ ಹೇಳಬೇಕೇನ್ರಿ ಇದನ್ನ?"

"ಮತ್ತ ನನಗ ಕಾಣಬೇಕಲ್ಲೋ!"

"ಕಾಣಿಸೂಣು. ಕಾಯ್ದೇಶೀರ ಕಾಣಿಸೂಣು. ಈ ಗಾಜು ನೋಡ್ರಿ, ಮುದುಕನ ಉಗುರಿನಂಗ ಹಳದಿ ಆಗೈತಿ. ಅದರ ಮ್ಯಾಲೆ ಅಮಾಸಿಗೊಮ್ಮೆ ಕಾಕೂ ಬಳದ ಇಬತ್ತಿ. ಅದರ ಮ್ಯಾಲೆ ನಿಮ್ಮ ಕರೇ ಟೇಪು. ಇಷ್ಟು ಗೋಣಿಚೀಲ ಹೊಚ್ಚಿ ಬಾರವ್ವಾ ಬೆಳಕಾ ಅಂದ್ರ ಆಕೀ ಎಲ್ಲಿಂದ ಬರಬೇಕ್ರಿ?"

ಕಾವೇರಿಗೆ ನಗು ಬಂತು. ನಗುವಿನ ಬೆನ್ನಿಗೇ ಒಂದು ಆಸೆಯೂ ಬಂತು. ಗಾಜೇ ಇರಬೇಕು. ಹೌದು, ಗಾಜೇ. ಅಮಾವಾಸ್ಯೆಯ ಪೂಜೆಗೆ ವಿಭೂತಿಯ ಮೂರು ಪಟ್ಟೆ ಎಳೆದವಳು ತಾನೇ, ಒರೆಸದೆ ಬಿಟ್ಟವಳೂ ತಾನೇ. ತಪ್ಪು ತನ್ನದಾಗಲಿ ದೇವರೇ, ಗಾಜಿನದಾಗಲಿ, ತಂತಿಯದಾಗಲಿ.

ಯಾಕೆಂದರೆ ಅವಳು ಹೆದರಿದ್ದು ಬೇರೆ ಯಾವುದಕ್ಕೋ. ಮಳೆಗಾಲದಿಂದೀಚೆಗೆ ಸಂಜೆ ಬಾಡಿಗೆ ಇದ್ದರೆ ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು. ಸಂತೆ ನೆಪ, ಗುಡಿಯ ನೆಪ. ಕುಳಿತವಳು ಸುಮ್ಮನಿರುತ್ತಿರಲಿಲ್ಲ. "ಎಡಕ್ಕ ತಗ್ಗೈತ್ರಿ." "ಮುಂದ ಎಮ್ಮಿ ಬರಾಕತ್ತಾವು." "ಯಾರೋ ಮುದುಕಿ ದಾಟಾಕತ್ತಾಳ, ಸಾವಕಾಶ." ಅವನು ಸಿಡುಕುತ್ತಿದ್ದ: "ಗಾಡಿ ನೀ ಹೊಡೀತೀಯೋ ನಾ ಹೊಡೀಲ್ಯೋ?" ಸಿಡುಕುತ್ತಲೇ ಬ್ರೇಕು ಒತ್ತುತ್ತಿದ್ದ. ಅವಳು ಹೇಳಿದ ಮೇಲೆಯೇ ಒತ್ತುತ್ತಿದ್ದ. ಹೋದ ವಾರ ಅವಳಿಲ್ಲದ ದಿನ ಊರ ಕಾಶೀಬಾಯಿಯ ಎಮ್ಮೆಗೆ ಕಾರು ತಾಗಿಸಿ ಬಂದು, "ಲೈಟು ಸತ್ತಾವು" ಎಂದ. ಅದಕ್ಕೇ ಇಬ್ಬರೂ ಇವತ್ತು ಇಲ್ಲಿಗೆ ಬಂದಿದ್ದರು.

ಸೀಲಾಸ ಟೇಪಿಗೆ ಕೈ ಹಾಕಿದಾಗ ಮೈಲಾರಲಿಂಗಪ್ಪ ಅಡ್ಡ ಬಂದ. "ಅದನ್ನ ಮುಟ್ಟಬ್ಯಾಡ."

"ದೀಪದ ಮಟ್ಟಾ ಸರಿ ಇತ್ತಂದ್ರ ಟೇಪು ಬೇಕಾಗೂದಿಲ್ರಿ. ಎದುರಿನವ್ರ ಕಣ್ಣಿನ ಕೆಳಗ ಬೆಳಕು ನಿಲ್ಲಸ್ತೇನಿ, ನನ್ನ ಮಾತು ನಂಬ್ರಿ."

ಕೊನೆಗೆ ಕಾವೇರಿಯೇ ಬಗ್ಗಿ, ಉಗುರಿನಿಂದ ಎಬ್ಬಿಸಿ, ಟೇಪು ಕಿತ್ತಳು. ಬಿಸಿಲಿಗೆ ಕರಗಿದ ಅಂಟು ಬೆರಳಿಗೆ ಹತ್ತಿಕೊಂಡಿತು. ಸೀರೆಯ ಸೆರಗಿಗೆ ಒರೆಸಿದರೂ ಹೋಗಲಿಲ್ಲ.

ಸೀಲಾಸ ಗಾಜು ತಿಕ್ಕಿ ತಿಕ್ಕಿ ನೀರಿನಂತೆ ಮಾಡಿದ. ಕಂಪನಿ ಹೇಳಿದಷ್ಟೇ ವ್ಯಾಟಿನ, ಆದರೆ ಒಳ್ಳೆಯ ಜಾತಿಯ ಹೊಸ ಬಲ್ಬು ಹಾಕಿದ. ಅವಕ್ಕೆ ಬ್ಯಾಟರಿಯಿಂದಲೇ ಹೊಸ ತಂತಿ ಎಳೆದು ರಿಲೇ ಕೂಡಿಸಿದ. "ಹಳೇ ತಂತ್ಯಾಗ ಕರೆಂಟು ದಾರ್ಯಾಗ ಸೋರಿ ಹೋಗ್ತಿತ್ರಿ. ಹೊಲದ ಕಾಲುವಿ ಒಡದಂಗ." ಅಷ್ಟು ಹೊತ್ತಿಗೆ ಕತ್ತಲೆ ಇಳಿಯುತ್ತ ಬಂತು. ಕ್ಲಾಸು ಮುಗಿಸಿ ರೂಮಿಗೆ ಮರಳುವ ಹುಡುಗ ಹುಡುಗಿಯರ ಸಾಲು ಹರಟುತ್ತ ಇಳಿಜಾರು ಹತ್ತುತ್ತಿತ್ತು.

ಇನ್ನು ಉಳಿದದ್ದು ಮಟ್ಟ. ಅಂಗಡಿಯ ಎದುರಿನ ಗೋಡೆಯ ಮೇಲೆ ಸೀಲಾಸ ದೀಪದ ಎತ್ತರಕ್ಕಿಂತ ತುಸು ಕೆಳಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. "ಕಾಕೂ, ನೀವು ಸ್ಟೇರಿಂಗಿನ ಮುಂದ ಕೂಡ್ರಿ. ಗಾಡ್ಯಾಗ ಆಳಿನ ವಜನ ಇರಬೇಕು, ಇಲ್ಲಂದ್ರ ಮಟ್ಟಾ ತಪ್ಪತೈತಿ. ಕಾಕಾ, ನೀವು ಬಾಜೂಕ ನಿಂತು ಗ್ವಾಡಿ ನೋಡ್ರಿ. ನಾ ಒಳಗ ಸ್ಕ್ರೂ ತಿರುಗಸ್ತೇನಿ. ಬೆಳಕು ಗೆರಿಗೆ ಬಂದ ಕೂಡ್ಲೇ ಹೇಳ್ರಿ."

ಅವನ ತಲೆ ಬಾನೆಟ್ಟಿನೊಳಗೆ ಹೋಯಿತು. ಕಾವೇರಿ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು.

"ಬಂತೇನ್ರಿ?"

"ಹೂಂ, ಬಂತು, ಬಂತು. ಸಾಕು," ಎಂದ ಮೈಲಾರಲಿಂಗಪ್ಪ.

ಸೀಲಾಸ ತಲೆ ಎತ್ತಿ ನೋಡಿದ. ಬೆಳಕು ಗೋಡೆಯನ್ನೇ ದಾಟಿ ಆಚೆಯ ಬೇವಿನಮರದಲ್ಲಿತ್ತು. "ಏನ್ರಿ ಕಾಕಾ! ಕಾಗಿ ಗೂಡಿಗೆ ದೀಪಾ ಹಚ್ಚಾಕ ಬಂದೀರೇನು?"

ಹೋಗುತ್ತಿದ್ದ ಹುಡುಗರಲ್ಲಿ ಒಬ್ಬ ನಕ್ಕ. ಮೈಲಾರಲಿಂಗಪ್ಪನೂ ನಕ್ಕ. ನಗು ಬೇಕಾದ್ದಕ್ಕಿಂತ ಜೋರಾಗಿತ್ತು. "ಚಾಷ್ಟಿ ಮಾಡಿದ್ನೋ ಮಾರಾಯಾ. ಹೂಂ, ತಿರುಗಸು."

ಮತ್ತೆ ತಲೆ ಒಳಗೆ ಹೋಯಿತು. ಬೆಳಕು ಮರದಿಂದ ಇಳಿಯಿತು, ಗೋಡೆಗೆ ಬಂತು, ಗೆರೆಗೆ ಬಂತು. ಮೈಲಾರಲಿಂಗಪ್ಪ ಸುಮ್ಮನಿದ್ದ. ಗೆರೆ ದಾಟಿ ಕೆಳಗಿಳಿಯಿತು. ಅವನು ಕತ್ತು ಮುಂದೆ ಚಾಚಿ, ಹುಬ್ಬು ಗಂಟು ಹಾಕಿ, ಯಾರೋ ಪರಿಚಯದವರನ್ನು ಗುಂಪಿನಲ್ಲಿ ಹುಡುಕುವವನ ಹಾಗೆ ಗೋಡೆಯನ್ನು ನೋಡುತ್ತಿದ್ದ. ಬೆಳಕು ಗಟಾರಿನ ಅಂಚಿಗೆ ಬಂದಿತ್ತು.

ಕಾವೇರಿಗೆ ತಡೆಯಲಾಗಲಿಲ್ಲ. ರಸ್ತೆಯ ರೂಢಿ ಬಾಯಿಗೆ ಬಂತು. "ದಾಟಿ ಹೋತ್ರಿ," ಎಂದು ಪಿಸುಗುಟ್ಟಿದಳು, "ಸಾಕನ್ರಿ."

"ಸಾಕು!" ಎಂದ ಅವನು, ಅವಳು ಹೇಳಿದ ಮೇಲೆ.

ಸೀಲಾಸ ತಲೆ ಎತ್ತಿದ. ಗೋಡೆ ನೋಡಿದ, ಗಟಾರು ನೋಡಿದ, ಕಾವೇರಿಯ ಮುಖ ನೋಡಿದ. ಈ ಸಲ ಚಾಷ್ಟಿ ಮಾಡಲಿಲ್ಲ. ತಾನೇ ಹತ್ತಾರು ಸಲ ಹಿಂದೆ ಮುಂದೆ ಓಡಾಡಿ ಮಟ್ಟ ಮುಗಿಸಿ, ಬಾನೆಟ್ಟು ಮುಚ್ಚಿದ. ಗೋಡೆಯ ಮೇಲೆ ಬೆಳಕು ಚಾಕುವಿನಿಂದ ಕೊಯ್ದ ರೊಟ್ಟಿಯ ಹಾಗೆ ನಿಂತಿತು. ಮೇಲೆ ಕತ್ತಲೆ, ಕೆಳಗೆ ಹಗಲು. ಸುಣ್ಣದ ಗೆರೆ, ಇಟ್ಟಿಗೆಯ ಸಂದು, ಸಂದಿನಲ್ಲಿ ಹರಿಯುವ ಇರುವೆಯ ಸಾಲು, ಎಲ್ಲ ಕಾಣುತ್ತಿದ್ದವು.

"ಇದೇನು ಬೆಳಕೋ?" ಮೈಲಾರಲಿಂಗಪ್ಪನ ದನಿ ಏರಿತು. "ಮೊದಲಿನಂಗ ಐತಿ. ನೀ ಬಿಳೇವ ಹಾಕು. ಹಾಕೂದಿಲ್ಲಂದ್ರ ಬಿಡು, ಬಾಜೂ ಅಂಗಡ್ಯಾವ ಹಾಕತಾನ. ಏ ಕಾವೇರಿ, ಇಳಿ ಕೆಳಗ."

ಪಕ್ಕದ ಅಂಗಡಿಯವನು ಹಾಕುತ್ತಿದ್ದ, ಅದು ಖರೆ. ಚಹಾ ಕುಡಿಯುವಷ್ಟರಲ್ಲಿ ಹಾಕಿ ಕೊಡುತ್ತಿದ್ದ. ಆ ಬೆಳಕಿನಲ್ಲಿ ಗಂಡ ಇನ್ನೊಂದು ವರ್ಷ ಗಾಡಿ ಹೊಡೆದಾನು. ಅವಳು ಪಕ್ಕದಲ್ಲಿ ಕುಳಿತು ತಗ್ಗು ದಿನ್ನೆ ಹೇಳಿಯಾಳು. ಊರಿಗೆ ಗೊತ್ತಾಗದು. ಕಾವೇರಿ ಗಂಡನ ಮುಖ ನೋಡಿದಳು. ಕೀಲಿ ತಿರುಗಿಸಿ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಗೋಡೆ ಕತ್ತಲಾಯಿತು.

"ದೀಪ ಛಲೋ ಅದಾವ್ರಿ," ಎಂದಳು.

"ಛಲೋ ಇದ್ರ ನನಗ್ಯಾಕ ಕಾಣವಲ್ದು?"

"ನಾಳೆ ಆ ಬಿಳೇ ದೀಪದ ಎದುರಿಗೆ ಯಾರ ಮಗಳು ಬರ್ತಾಳ್ರಿ?"

ಅಷ್ಟೇ ಕೇಳಿದಳು. ಮೈಲಾರಲಿಂಗಪ್ಪ ಕೈಯಿಂದ ಬಂಪರು ತಡವಿ, ಅಲ್ಲಿಂದ ಗಾಲಿ ತಡವಿ, ನೆಲಕ್ಕೆ ಕುಳಿತ. ಸೀಲಾಸ ಅಂಗಡಿಯ ಒಳಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಂಡ.

"ಕಣ್ಣಿನ ಡಾಕ್ಟರಿಗೆ ತೋರಿಸೇನಿ," ಎಂದ ಮೈಲಾರಲಿಂಗಪ್ಪ ಕೊನೆಗೆ. "ದಸರಾಕ್ಕ ಹುಬ್ಬಳ್ಳಿಗೆ ಬಾಡಿಗಿ ಹೋಗಿದ್ನಲ್ಲ, ಅವತ್ತ. ಒಳಗಿನ ನರಾ ಒಣಗಾಕತ್ತೈತಂತ. ಹೋದದ್ದು ಬರೂದಿಲ್ಲ. ಉಳದದ್ದಕ್ಕ ಹನಿ ಹಾಕ್ಕೋ, ಗಾಡಿ ಹೊಡ್ಯೂದು ಬಿಡು ಅಂದ್ರು."

"ಮತ್ತ ನನಗ್ಯಾಕ ಹೇಳಲಿಲ್ರಿ?"

"ನೀ ನನಗ ಹೇಳಿದ್ಯಾ? ದಿನಾ ಬಾಜೂಕ ಕುಂತು ಎಮ್ಮಿ ಎಣಸ್ತಿದ್ದಿ." ಅವನು ನಕ್ಕ ಹಾಗಾಯಿತು. "ಗಾಡಿ ಹೋದ್ರ ಹೋಗ್ಲಿ. ಬಾಡಿಗಿ ಯಾರರೆ ಹೊಡೀತಾರ. ಆ ಮೋರೀ ಹಂತ್ಯಾಕ ದಿನಾ ನಾ ದೀಪಾ ಇಳಸ್ತೇನಿ ಕಾವೇರಿ, ಡಿಪ್ ಮಾಡ್ತೇನಿ. ಎದುರಿಗೆ ಗಾಡಿ ಇರ್ಲಿ, ಬಿಡ್ಲಿ. ಒಮ್ಮೆ ಇಳಿಸಿ, ತಿರುವು ದಾಟಿ, ಮತ್ತ ಏರಸ್ತೇನಿ. ಅವತ್ತ ಆಕೀಗೆ ಯಾರೂ ಇಳಸಲಿಲ್ಲಲ್ಲ. ನಾ ಬಿಟ್ರ ಇನ್ನ ಯಾರು ಇಳಸ್ತಾರ?"

ಕಾವೇರಿಗೆ ಇದು ಗೊತ್ತೇ ಇರಲಿಲ್ಲ. ದಾರಿಯುದ್ದಕ್ಕೂ ರಸ್ತೆ ಕಾದವಳು, ಪ್ರತಿ ತಗ್ಗನ್ನೂ ಕೂಗಿ ಹೇಳಿದವಳು, ಆ ಹುಣಸೆಮರ ಬಂತೆಂದರೆ ಮಾತ್ರ ಕಣ್ಣು ಮುಚ್ಚಿಬಿಡುತ್ತಿದ್ದಳು. ಅಷ್ಟು ದಿನವೂ ಅಲ್ಲಿ ಇಬ್ಬರೂ ಕಾಣದವರೇ ಆಗಿ ದಾಟುತ್ತಿದ್ದರು.

ಕಾರನ್ನು ಸೀಲಾಸನೇ ಮುಗದಕ್ಕೆ ಹೊಡೆದ. ಮೈಲಾರಲಿಂಗಪ್ಪ ಅವನ ಪಕ್ಕದಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು, ಬಾಡಿಗೆಯವನ ಹಾಗೆ ಕುಳಿತಿದ್ದ. ಹಿಂದೆ ಕಾವೇರಿ. ಊರು ಮುಗಿದ ಮೇಲೆ ಹೊಸ ದೀಪ ರಸ್ತೆಯನ್ನು ಬದುವಿನವರೆಗೆ ತೊಳೆದು ತೋರಿಸಿತು. ಇಷ್ಟು ಚಂದದ ಬೆಳಕನ್ನು ಈ ಕಾರು ಹೊಸದಿದ್ದಾಗಲೂ ಕೊಟ್ಟಿರಲಿಲ್ಲ.

"ಎಲ್ಲಿಗೆ ಬಂದ್ವಿ?" ಅವನು ಕೇಳಿದ.

"ಇನ್ನ ಮುಂದೈತ್ರಿ. ನಾ ಹೇಳ್ತೇನಿ."

ಹುಣಸೆಮರ ಬಂತು. ಅವಳ ರೆಪ್ಪೆ ರೂಢಿಯಂತೆ ಇಳಿಯಿತು. ಅದನ್ನು ಎತ್ತಿದಳು. "ಸೀಲಾಸಪ್ಪಾ, ಇಲ್ಲಿ. ಇಲ್ಲಿ ದೀಪಾ ಇಳಸು."

ಸೀಲಾಸ ಇಳಿಸಿದ. ಬೆಳಕು ತಲೆ ತಗ್ಗಿಸಿ ಮೋರಿಯ ಕಟ್ಟೆಯ ಬುಡ ಮುಟ್ಟಿತು. ಅದೇ ಹೊತ್ತಿಗೆ ತಿರುವಿನಾಚೆಯಿಂದ ಒಂದು ದೊಡ್ಡ ಗಾಡಿ ನುಗ್ಗಿ ಬಂತು, ಅಷ್ಟೂ ದೀಪ ಏರಿಸಿಕೊಂಡು, ಬೆಳ್ಳಗೆ. ಸೀಲಾಸ ಬ್ರೇಕು ಒತ್ತಿ ಪಕ್ಕಕ್ಕೆ ನಿಲ್ಲಿಸಿದ. ಇಳಿಸು ಎಂದು ಒಮ್ಮೆ ಮಿಟುಕಿಸಿದ. ಇನ್ನೊಮ್ಮೆ ಮಿಟುಕಿಸಿದ. ಅದು ಇಳಿಸಲಿಲ್ಲ.

"ಇಳಸಿದ್ಯೇನೋ ತಮ್ಮಾ?"

"ಇಳಸೇನ್ರಿ ಕಾಕಾ."

ಕಾವೇರಿ ಕಣ್ಣು ಮುಚ್ಚಲಿಲ್ಲ. ಮರ ಹೋಯಿತು, ಮೋರಿ ಹೋಯಿತು, ಮುಂದೆ ಕುಳಿತ ಗಂಡನ ತಲೆಯೂ ಹೋಯಿತು. ಬಿಳುಪು, ಬರೀ ಬಿಳುಪು. ಅದರೊಳಗೆ ಮನೆಯ ದಾರಿ ಎಲ್ಲೂ ಇರಲಿಲ್ಲ. ಮಗಳು ಕಡೆಗೆ ಕಂಡದ್ದು ಇದನ್ನೇ. ನೋಡಿದಳು. ನೀರು ಸುರಿದರೂ ರೆಪ್ಪೆ ಬಡಿಯದೆ, ಅದು ದಾಟಿ ಹೋಗುವವರೆಗೂ ನೋಡಿದಳು.